ಹೆಬ್ಬೆರಳಿನ ಗಾಯ, ಎದೆಯ ಹೆಪ್ಪು

ಜಡೆ ಊರಿನ ದೊಡ್ಡಬೀರಪ್ಪ ಕುರಿ ಸಾಕುವವನು. ಅರವತ್ತು ದಾಟಿದರೂ ಒಂದು ಕಡೆ ಕೂತವನಲ್ಲ. ಅವತ್ತು ಬೆಳಿಗ್ಗೆ ಉಣ್ಣೆ ಕತ್ತರಿಸುತ್ತಿದ್ದಾಗ ಎದೆಯನ್ನು ಯಾರೋ ಹಿಂಡಿದಂತಾಯಿತು. ಕತ್ತರಿ ಜಾರಿ ಹೆಬ್ಬೆರಳು ಕುಯ್ಯಿತು. ರಕ್ತ ಸ್ವಲ್ಪ ಹೊತ್ತಿಗೆ ತಾನೇ ನಿಂತಿತು. ಎದೆನೋವು ನಿಲ್ಲಲಿಲ್ಲ.

ಗಂಡ ಬೆವೆತು ತೊಯ್ದದ್ದು ಕಂಡದ್ದೇ ತಡ, ಗುಡ್ಡಮ್ಮ ರಸ್ತೆಗೆ ಓಡಿ ಸೊರಬದ ಕಡೆ ಹೊರಟಿದ್ದ ಗೂಡ್ಸ್ ಆಟೋಗೆ ಅಡ್ಡ ನಿಂತಳು. ಕುರಿಗಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದ ಗಂಡನನ್ನು ಗದರಿದಳು.

"ಹತ್ರೀ! ಕುರಿ ಎಲ್ಲೂ ಓಡಿ ಹೋಗಲ್ಲ!"

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರ್ ನಯನ ತಡ ಮಾಡಲಿಲ್ಲ. "ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕರಗಿಸೋ ಇಂಜೆಕ್ಷನ್ ಕೊಡ್ತೀನಿ."

ಅರ್ಧ ಗಂಟೆಯಾಗಿರಬಹುದು. ಎದೆ ಮೇಲಿನ ಭಾರ ಮೆಲ್ಲಗೆ ಇಳಿಯಿತು. ದೊಡ್ಡಬೀರಪ್ಪ ಉಸಿರೆಳೆದುಕೊಂಡ. ಇನ್ನೊಂದು ಸಲ ಎಳೆದುಕೊಂಡ. ಆಹಾ, ನೋವೇ ಇಲ್ಲ! ಅಷ್ಟರಲ್ಲಿ ಗುಡ್ಡಮ್ಮ ಚೀರಿದಳು, "ಡಾಕ್ಟ್ರಮ್ಮಾ, ಇವ್ರ ಬೆರಳು!" ಒಣಗಿದ್ದ ಗಾಯದಿಂದ ಮತ್ತೆ ರಕ್ತ ತೊಟ್ಟಿಕ್ಕುತ್ತಿತ್ತು.

ನಯನ ಗಾಯವನ್ನು ಒತ್ತಿ ಹಿಡಿದು, ಹೊಸ ಇಸಿಜಿ ನೋಡಿ ನಕ್ಕರು. "ಹೆದರಬೇಡಿ. ಗಾಯ ಆದ್ರೆ ರಕ್ತದಲ್ಲಿರೋ ಒಂದು ಪ್ರೋಟೀನು ನೂಲಿನ ಹಾಗೆ ಬಲೆ ಹೆಣೆದು ರಕ್ತ ನಿಲ್ಲಿಸುತ್ತೆ. ಹೃದಯದ ನಾಳದಲ್ಲಿ ಕಟ್ಟಿದ ಕೊಬ್ಬು ಬಿರಿದಾಗ್ಲೂ ರಕ್ತಕ್ಕೆ ಅದು ಗಾಯ ಅಂತ್ಲೇ ಲೆಕ್ಕ. ಅಲ್ಲೂ ಬಲೆ ಹೆಣೆದು ದಾರಿ ಮುಚ್ಚಿಬಿಡುತ್ತೆ. ಈ ಔಷಧಿ ಆ ನೂಲನ್ನ ಕರಗಿಸುತ್ತೆ, ಎದೇದೂ, ಬೆರಳಿಂದೂ."

ದೊಡ್ಡಬೀರಪ್ಪನ ಕಣ್ಣರಳಿತು. "ಕುರಿ ಕೊಯ್ದಾಗ ರಕ್ತ ಗಟ್ಟಿ ಆಗಬಾರ್ದು ಅಂತ ಕೋಲಲ್ಲಿ ತಿರುವ್ತೀವಲ್ರೀ, ಕೋಲಿಗೆ ನಾರು ನಾರಾಗಿ ಸುತ್ಕೊಳ್ತದೆ. ಅದೇನಾ ಇದು?" ಎನ್ನುತ್ತ ಎದ್ದೇ ಕೂತ.

"ಅದೇ! ಮೊದ್ಲು ಮಲಗಿ!"

ಶಿವಮೊಗ್ಗಕ್ಕೆ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವನು ಬೀಡಿ ಬಿಟ್ಟ. ಸಿಕ್ಕವರನ್ನೆಲ್ಲ ನಿಲ್ಲಿಸಿ ಎದೆಯೊಳಗಿನ ನೂಲಿನ ಕಥೆ ಹೇಳತೊಡಗಿದ. ಹೋದ ತಿಂಗಳು ಪಕ್ಕದ ಮನೆಯ ಕರಿಯಣ್ಣ ಎದೆ ಉಜ್ಜಿಕೊಂಡದ್ದೇ ಸಾಕು, ಅವನನ್ನು ಆಟೋಗೆ ತಳ್ಳಿ ಸೊರಬಕ್ಕೆ ಕರೆದೊಯ್ದ. ನೋಡಿದರೆ ಬರೀ ಗ್ಯಾಸು.

"ಅರ್ಧ ದಿನದ ಕೆಲಸ ಕೆಡಿಸ್ದೆಯಲ್ಲೋ," ಕರಿಯಣ್ಣ ಗೊಣಗಿದ.

"ಕೆಡ್ಲಿ ಬಿಡೋ, ನೀನು ನೆಟ್ಟಗಿದ್ದೀಯಲ್ಲ!" ಎಂದು ದೊಡ್ಡಬೀರಪ್ಪ ಅವನ ಹೆಗಲಿಗೆ ಕೈ ಹಾಕಿ, ಖುಷಿಯಿಂದ ಬಸ್‌ಸ್ಟ್ಯಾಂಡಿನ ಕಡೆ ನಡೆದ.