ಒಂದು ದಿನ ತಡವಾಗಿ ಬರುತ್ತಿದ್ದ ಆಟಿ ಅಮಾವಾಸ್ಯೆ

ದೀಪಾವಳಿ ಕಳೆದು ಬೆಳಗಿನ ಹೊತ್ತು ತುಸು ಚಳಿ ಬೀಳತೊಡಗಿದರೆ ನಮ್ಮ ಸೊಸೈಟಿಯ ಗೇಟಿನ ಪಕ್ಕದ ಹಾಲೆಮರ ಹೂ ಬಿಡುತ್ತದೆ. ಇಲ್ಲಿಯವರು ಅದನ್ನು ಸಪ್ತಪರ್ಣಿ ಎನ್ನುತ್ತಾರೆ, ತಲೆನೋವು ಬರಿಸುವ ವಾಸನೆಯೆಂದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ಮುಚ್ಚುವುದಿಲ್ಲ. ಕಾರ್ಖಾನೆಗಳ ಕಡೆಯಿಂದ ಬರುವ ಹುಳಿ ಘಾಟು ಡೊಂಬಿವಲಿಯ ಗಾಳಿಯಲ್ಲಿ ಇದ್ದದ್ದೇ. ಅದಕ್ಕೆ ಈ ಹೂವಿನ ಭಾರವಾದ ಸಿಹಿ ಸೇರಿತೆಂದರೆ ನಾನು ಹುಟ್ಟಿ ಬೆಳೆದ ಎರಡು ಕೋಣೆಯ ಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಆ ಬಿಲ್ಡಿಂಗ್ ಈಗಿಲ್ಲ. ಘಾಟು ನನ್ನ ಅಪ್ಪನದು, ಮರ ಸುಂದರಿ ಅತ್ತೆಯದು.

ಅಪ್ಪ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದರು. ಅವರ ಉಗುರಿನ ಸಂದಿಯ ಹಳದಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅತ್ತೆ ಅವರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿ, ಗಂಡ ಹೋದ ಮೇಲೆ ಉಡುಪಿಯಿಂದ ಬಂದು ನಮ್ಮ ಜೊತೆಗೇ ಇದ್ದವಳು. ಪೇಟೆಯಿಂದ ಪೊಟ್ಟಣದಲ್ಲಿ ಬಂದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ. "ಅದೆಲ್ಲ ಕೆಮಿಕಲ್" ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಆ ಮಾತು ಕೇಳಿದರೆ ವಾದಿಸಲು ನಾಲಗೆ ತುರಿಸುತ್ತಿತ್ತು.

ಆದಿತ್ಯವಾರ ಬೆಳಿಗ್ಗೆ ಅಪ್ಪ ಗ್ಯಾಲರಿಯಲ್ಲಿ ಚಾಪೆ ಹಾಸಿ ಬಿಲ್ಡಿಂಗಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಶರಬತ್ತಿನ ಪಾಠ. ಒಂದು ತಂಬಿಗೆಯಲ್ಲಿ ಲಿಂಬೆಹಣ್ಣು ಹಿಂಡಿದ್ದು, ಇನ್ನೊಂದರಲ್ಲಿ ಕಾರ್ಖಾನೆಯಲ್ಲಿ ಮಾಡಿದ ಲಿಂಬೆ ಹುಳಿಯ ಹರಳು ಕರಗಿಸಿದ್ದು. ಹೊಟ್ಟೆಗೆ ಒಳ್ಳೆಯದು ಯಾವುದು, ಹೇಳಿ ನೋಡುವ ಎನ್ನುತ್ತಿದ್ದರು. ಕೆಳಗಿನ ಮನೆಯ ವೈಶಾಲಿ, "ಕಾಕಾ, ನ್ಯಾಚುರಲ್ ಹೀ ಅಚ್ಛಾ ಹೋತಾ ಹೈ ನಾ?" ಎನ್ನುವುದೇ ತಡ, ಅಪ್ಪ ಅಡುಗೆಮನೆಯ ಕಡೆ ತಿರುಗಿ ಅಕ್ಕನಿಗೆ ಕೇಳಿಸುವಂತೆ, "ಕಾಸರಕದ ವಿಷವೂ ಮರದಲ್ಲೇ ಆಗುವುದು. ತಿಂದು ನೋಡ್ತೀಯಾ? ಮರದ್ದಾ ಮಿಷಿನಿನದ್ದಾ ಅಂತಲ್ಲ, ಯಾವುದು, ಎಷ್ಟು ಅಂತ ಕೇಳ್ಬೇಕು" ಎನ್ನುತ್ತಿದ್ದರು.

ಒಳಗಿಂದ ಉತ್ತರ ಬರುತ್ತಿತ್ತು: "ಪಾಲೆ ಯಾವುದು ಕಾಸರಕ ಯಾವುದು ಗೊತ್ತಿಲ್ಲದವಳಾ ನಾನು? ನಿನ್ನ ಫ್ಯಾಕ್ಟರಿಯ ನೀರು ಕುಡಿದ ನಾಲೆ ಯಾವ ಬಣ್ಣಕ್ಕುಂಟು, ಅದನ್ನು ಹೇಳು ಮಕ್ಕಳಿಗೆ!" ಮಕ್ಕಳಿಗೆ ಅರ್ಧ ಅರ್ಥವಾಗದಿದ್ದರೂ ನಗು ತಡೆಯುತ್ತಿರಲಿಲ್ಲ. ಅಪ್ಪನೂ ನಗುತ್ತಿದ್ದರು.

ಪಾಲೆಯೆಂದರೆ ಇದೇ ಹಾಲೆಮರ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲು, ಕತ್ತಿ ಮುಟ್ಟಿಸದೆ, ಕಲ್ಲಿನಲ್ಲಿ ಜಜ್ಜಿ ಅದರ ತೊಗಟೆ ತೆಗೆದು ಕಷಾಯ ಕುಡಿದರೆ ವರ್ಷವಿಡೀ ರೋಗವಿಲ್ಲವೆಂದು ನಮ್ಮ ಕಡೆಯ ನಂಬಿಕೆ. ಆಗ ಈ ಮರಗಳನ್ನು ಇಲ್ಲಿ ಯಾರೂ ನೆಟ್ಟಿರಲಿಲ್ಲ. ಹಾಗಾಗಿ ಊರಿನ ದೊಡ್ಡಪ್ಪ ತೊಗಟೆಯನ್ನು ಬಾಳೆಲೆಯಲ್ಲಿ ಕಟ್ಟಿ ಮುಂಬೈ ಬಸ್ಸಿಗೆ ಕೊಡುತ್ತಿದ್ದರು. ಮರುದಿನ ಬೆಳಿಗ್ಗೆ ಅಪ್ಪ ಲೋಕಲ್ ಹಿಡಿದು ಠಾಣೆಗೆ ಹೋಗಿ, ಕೋಪರಿಯ ಹತ್ತಿರ ಬಸ್ಸಿಗೆ ಕಾದು, ಆ ಕಟ್ಟನ್ನು ತರುತ್ತಿದ್ದರು. ನಂಬದ ವಸ್ತುವನ್ನು ಅಷ್ಟು ಜೋಪಾನವಾಗಿ ತರುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಊರಿಗಿಂತ ಒಂದು ದಿನ ತಡವಾಗಿ ನಮ್ಮ ಮನೆಗೆ ಆಟಿ ಅಮಾವಾಸ್ಯೆ ಬರುತ್ತಿತ್ತು. ಅತ್ತೆ ತೊಗಟೆಯನ್ನು ಓಮ, ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಅರೆದು ಹಿಂಡಿ, ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದುವಳು. ಚುಂಯ್ ಎಂದು ಹಬೆ ಏಳುತ್ತಿತ್ತು. ಮೊದಲು ಹಿರಿಯಳಾದ ತಾನು ಕುಡಿಯಬೇಕು, ಆಮೇಲೆ ಅಪ್ಪ, ಅಮ್ಮ, ನಾನು. ಉಷ್ಣ ಇಳಿಯಲೆಂದು ಕೊನೆಗೆ ಎಲ್ಲರಿಗೂ ಮೆಂತೆಗಂಜಿ.

ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ಹಿಂದಿನ ದಿನ ಬೆಳಕಿನಲ್ಲೇ ಮರ ನೋಡಿ ಗುರುತಿಗೆ ದಾರ ಕಟ್ಟಿ ಬರುತ್ತಿದ್ದವರು ಅವರೇ. ಆ ಸಲ ದಾರ ಕಟ್ಟುವವರು ಇರಲಿಲ್ಲ. ಮುಂಬೈಯವರಿಗೆ ತಪ್ಪಬಾರದೆಂದು ನೆರೆಮನೆಯವರೊಬ್ಬರು ಕತ್ತಲಲ್ಲಿ ಹೋಗಿ, ಮಳೆಯಲ್ಲಿ ತೋಯುತ್ತಾ ಜಜ್ಜಿ, ಬಸ್ಸಿಗೆ ತಲುಪಿಸಿದರು. ಪಾಲೆಯ ಪಕ್ಕದಲ್ಲೇ ಕಾಸರಕವೂ ಇತ್ತು.

ಅತ್ತೆ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಳು. ಮುಖ ಕಿವುಚುವ ಬದಲು ನಾಲಗೆಯನ್ನು ತುಟಿಯ ಮೇಲೆ ಆಡಿಸಿ ನೋಡಿದಳು. ನಾನು ನನ್ನ ಸರದಿ ತಪ್ಪಲಿ ಎಂದು ಮೂಗು ಹಿಡಿದು ಕುಳಿತಿದ್ದೆ. "ಇದು ಬೇರೆ ಕಹಿ, ಮಾಧವ" ಎಂದಳು. ಅಪ್ಪ ಲೋಟಕ್ಕೆ ಕೈ ಚಾಚಿದ್ದರು. ಆ ಕೈಯನ್ನು ತಳ್ಳಿ, ಪಾತ್ರೆಯಲ್ಲಿದ್ದದ್ದನ್ನೆಲ್ಲ ಮೋರಿಗೆ ಸುರಿದು, "ಯಾರೂ ಮುಟ್ಟಬೇಡಿ" ಎಂದಳು. ಸ್ವಲ್ಪ ಹೊತ್ತಿಗೆ ಅವಳ ಕಾಲು ಸೆಟೆಯತೊಡಗಿತು. ಅಪ್ಪ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿ ಒಂದರ ಮೇಲೊಂದು ಇಂಜೆಕ್ಷನ್ ಕೊಟ್ಟರಂತೆ. ನಡುವೆ ಒಮ್ಮೆ ಬಿಗಿತ ಸಡಿಲಿದಾಗ, "ಇದು ನಿನ್ನ ಪಾರ್ಟಿಯ ಕೆಮಿಕಲ್ ಮದ್ದಾ?" ಎಂದು ಕೇಳಿದಳಂತೆ. ಅಪ್ಪ ಹೌದೆಂದರಂತೆ. "ಆಯ್ತು, ಕೊಡ್ಲಿ" ಎಂದಳಂತೆ. ಸಂಜೆಯವರೆಗೂ ಆ ಮದ್ದು ಅವಳನ್ನು ಹಿಡಿದಿತ್ತು. ಆಮೇಲೆ ಬಿಟ್ಟುಕೊಟ್ಟಿತು. ಅತ್ತೆ ಮನೆಗೆ ಮರಳಲಿಲ್ಲ. ಅಮ್ಮ ಬೆಳಿಗ್ಗೆ ಮಾಡಿಟ್ಟ ಮೆಂತೆಗಂಜಿ ಒಲೆಯ ಮೇಲೆ ಹಾಗೆಯೇ ಗಟ್ಟಿಯಾಗಿ ಕುಳಿತಿತ್ತು.

ತಿಂಗಳು ಕಳೆದು ಪಾಠ ಮತ್ತೆ ಶುರುವಾಯಿತು. ವೈಶಾಲಿ, "ಕಾಕಾ, ಶರಬತ್ ಕಬ್?" ಎಂದು ಕೇಳಿದಳು. ಅಪ್ಪ ಅಡುಗೆಮನೆಯ ಕಡೆ ತಿರುಗಿದರು, ಅಭ್ಯಾಸದಿಂದ. ಆಮೇಲೆ ಹಲಗೆಯ ಮೇಲೆ ಯಾವುದೋ ಸಮೀಕರಣ ಬರೆದು, ಇದನ್ನು ಬಿಡಿಸಿ ಎಂದರು. ಅಷ್ಟು ವರ್ಷಗಳ ವಾದದಲ್ಲಿ ಅವರು ಗೆದ್ದಿದ್ದರು. ಆ ಪಾಠವನ್ನು ಮಾತ್ರ ಮತ್ತೆಂದೂ ಮಾಡಲಿಲ್ಲ.

ಈಗ ನಾನು ಕಲ್ಯಾಣದ ಶಾಲೆಯೊಂದರಲ್ಲಿ ಅಪ್ಪನ ರಸಾಯನಶಾಸ್ತ್ರವನ್ನೇ ಕಲಿಸುತ್ತೇನೆ. ಮಕ್ಕಳು ಅದೇ ಪ್ರಶ್ನೆ ಕೇಳುತ್ತಾರೆ. ಎರಡು ಬಾಟಲಿ ಶರಬತ್ತು ಮಾಡಿಕೊಂಡು ಹೋಗಿ, ಯಾವುದು, ಎಷ್ಟು ಎಂದು ಕೇಳಬೇಕು ಮಕ್ಕಳೇ ಎನ್ನುತ್ತೇನೆ. ಅಪ್ಪನ ಮಾತು ಸರಿಯೇ. ಆದರೆ ಉದಾಹರಣೆಗೆ ಬೇರೆ ಮರದ ಹೆಸರು ಹೇಳುತ್ತೇನೆ.

ಅತ್ತೆ ಹೋದ ಮೇಲೆ ಆಟಿ ಅಮಾವಾಸ್ಯೆ ಬಂದಾಗ ಅಪ್ಪ ಏನನ್ನೂ ಕೇಳುತ್ತಿರಲಿಲ್ಲ, ಒಂದು ಬಟ್ಟಲು ಮೆಂತೆಗಂಜಿಯ ಹೊರತು. ಬದುಕಿರುವವರೆಗೂ ಅದನ್ನು ತಪ್ಪಿಸಲಿಲ್ಲ. ಈಗ ನಾನು ಮಾಡುತ್ತೇನೆ. "ಮಮ್ಮಿ, ಕಾಢಾ ತೋ ಪಿಯಾ ಹೀ ನಹೀಂ" ಎಂದು ಮಗ ನಗುತ್ತಾನೆ. ಕಷಾಯವನ್ನೇ ಕುಡಿಯದೆ ಗಂಜಿ ಏಕೆಂಬ ಅವನ ಮಾತು ನ್ಯಾಯವಾದದ್ದೇ. ಉಣ್ಣು ಮಗಾ, ತಣ್ಣಗಾಗ್ತದೆ ಎಂದಷ್ಟೇ ಹೇಳಿ ಬಡಿಸುತ್ತೇನೆ. ಅಮಾವಾಸ್ಯೆಯ ದಿನವಲ್ಲ, ಮರುದಿನ. ನಮ್ಮ ಮನೆಗೆ ಅದು ಬರುತ್ತಿದ್ದದ್ದೇ ಆಗ.