ಸೋನಾಬಾಯಿ ಇಳಿಯದ ಏರು

ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹಣಮಂತನ ಗ್ಯಾರೇಜು. ಊರವರ ಗಾಡಿಗಳೆಲ್ಲ ಅವನ ಕೈಯಲ್ಲಿ ಕುದುರೆಯಾಗುತ್ತಿದ್ದವು. ಅವನದೇ ಹಳೆಯ ಟೂ-ಸ್ಟ್ರೋಕ್ ಸ್ಕೂಟರು ಮಾತ್ರ ಏರು ಕಂಡರೆ ಕತ್ತೆ. ಮದುವೆಯ ವರ್ಷ ಕೊಂಡದ್ದು. ಅದರ ಬಗ್ಗೆ ಯಾರಾದರೂ ಒಂದು ಕೆಟ್ಟ ಮಾತಾಡಿದರೆ ಸಾಕು, ಅವನು ಜಗಳಕ್ಕೇ ನಿಲ್ಲುತ್ತಿದ್ದ.

ಹೆಂಡತಿ ಸೋನಾಬಾಯಿಯ ತವರು ಕಳ್ಳಕವಟಗಿ. ದಾರಿಯಲ್ಲಿ, ಟಿಕೋಟಾದ ಈಚೆಗೆ ಒಂದು ಏರು. ಬುಡದಲ್ಲಿ ಅವನು ಗೇರು ಇಳಿಸುತ್ತಿದ್ದ, ಆ ಸದ್ದಿಗೆ ಅವಳು ಗಂಟು ಹೊತ್ತು ಕೆಳಗಿಳಿಯುತ್ತಿದ್ದಳು. ಅವನು ಮೇಲೆ ಹೋಗಿ ಕಾಯಬೇಕು, ಅವಳು ಏದುಸಿರು ಬಿಡುತ್ತ ನಡೆದು ಬರಬೇಕು. ಎಂಥ ತಾಳ್ಮೆ ಆ ಹೆಣ್ಣುಮಗಳದು! ಬೇರೆಯವಳಾಗಿದ್ದರೆ ಸ್ಕೂಟರನ್ನು ಎಂದೋ ಹಳ್ಳಕ್ಕೆ ನೂಕುತ್ತಿದ್ದಳು.

ಈ ಬೇಸಿಗೆಯಲ್ಲಿ ಆ ತಾಳ್ಮೆಯೂ ತೀರಿತು. "ಇನ್ನೊಮ್ಮೆ ನಾ ಆ ಏರು ನಡದು ಹತ್ತಿದ್ರ ಕೇಳ್ರಿ, ಮುಂದ ಬಸ್ಸಿನಾಗ ಹೋಗ್ತೇನಿ. ನಿಮ್ಮ ಗಾಡಿ ಮ್ಯಾಲೆ ನೀವೊಬ್ರ ಬರ್ರಿ."

ಹಣಮಂತನಿಗೆ ಚಿಂತೆ ಹತ್ತಿತು. ಬೆನ್ನ ಹಿಂದೆ ಅವಳ ಹರಟೆಯಿಲ್ಲದೆ ಆ ದಾರಿ ಸಾಗುವುದಾದರೂ ಹೇಗೆ? ಮರುದಿನವೇ ಎಂಜಿನ್ ಬಿಚ್ಚಿ, ಕ್ರ್ಯಾಂಕನ್ನು ಚೀಲದಲ್ಲಿ ಹಾಕಿಕೊಂಡು ಬಬಲೇಶ್ವರಕ್ಕೆ, ಕಬ್ಬಿಣ ಕಡೆಯುವ ಪೀರಸಾಬರ ಲೇಥಿಗೆ ಹೋದ.

ಆ ಎಂಜಿನ್ನಿನಲ್ಲಿ ತಿರುಗುವ ಕ್ರ್ಯಾಂಕಿನ ಅಂಚೇ ಬಾಗಿಲು. ಅದು ಸರಿದಾಗ ಗಾಳಿ, ಪೆಟ್ರೋಲು ಒಳಗೆ ಬರುತ್ತವೆ. ಅಡ್ಡ ಬಂದಾಗ ನಿಲ್ಲುತ್ತವೆ. ಅಂಚನ್ನು ತುಸು ಕಡಿದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ, ಎಂಜಿನ್ ಹೊಟ್ಟೆತುಂಬ ಉಣ್ಣುತ್ತದೆ.

"ಆಶಾ ಮಾಡಬ್ಯಾಡೋ ಹಣಮಂತ," ಎಂದರು ಪೀರಸಾಬರು. "ಭಾಳ ಕಡದ್ರ ಉಂಡದ್ದೆಲ್ಲಾ ಕಾರ್ಬೊರೇಟರಿಗಿ ವಾಪಸ್ ಕಕ್ಕತೈತಿ."

ಅಳೆದೂ ಸುರಿದೂ ಕಡಿದರು. ತೂಕ ತಪ್ಪದಂತೆ ಇನ್ನೊಂದು ಬದಿಯನ್ನೂ ಸರಿದೂಗಿಸಿದರು. ಊರಿಗೆ ಬಂದು ಹಣಮಂತ ಗಾಳಿ ಬರುವ ಕಿಂಡಿಯನ್ನು ಅರದಿಂದ ಉಜ್ಜಿ ಅಗಲಿಸಿದ, ದೊಡ್ಡ ಕಾರ್ಬೊರೇಟರು ಕೂರಿಸಿದ. ಕಿಕ್ ಹೊಡೆದಾಗ ಬಂದ ಸದ್ದಿಗೆ ಇಡೀ ಗಲ್ಲಿ ಹೊರಗೆ ಬಂತು.

ಭಾನುವಾರ ಇಬ್ಬರೂ ಹೊರಟರು. ಏರಿನ ಬುಡದಲ್ಲಿ ಹಣಮಂತ ರೂಢಿಯಂತೆ ವೇಗ ತಗ್ಗಿಸಿ ಗೇರು ಇಳಿಸಿದ. ಆಮೇಲೆ ಕೈ ತಿರುವಿದ್ದೇ ತಡ, ಸ್ಕೂಟರು ಭರ್ರೆಂದು ಮೇಲೇರಿತು!

"ನೋಡಿದೇನ ಸೋನಾ? ಇನ್ನs ಬಸ್ಸಿನ ಮಾತ ಆಡ್ತೀಯೇನ?" ಎಂದು ನೆತ್ತಿಯವರೆಗೂ ಒದರುತ್ತಲೇ ಹೋದ.

ಮೇಲೆ ಆಡು ಮೇಯಿಸುತ್ತಿದ್ದ ಯಲ್ಲಾಲಿಂಗ ಕಣ್ಣು ಬಿಟ್ಟ. "ಯಾರ ಜೋಡಿ ಮಾತಾಡಾಕತ್ತೀರಿ ಕಾಕಾ?"

ಹಿಂದೆ ಸೀಟು ಖಾಲಿ. ದೂರ ಕೆಳಗೆ, ಸೋನಾಬಾಯಿ ಗಂಟು ಹೊತ್ತು ನಿಂತಿದ್ದಳು. ಮುಗಿಯಿತು, ಇನ್ನು ಬಸ್ಸೇ ಗತಿ ಎಂದುಕೊಂಡು ಹಣಮಂತ ಹೌಹಾರಿ ಕೆಳಗೆ ಬಂದ. ನೋಡಿದರೆ ಅವಳು ಗಂಟು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ.

"ನಾ ಇಳಿ ಅಂದಿಲ್ಲಲ್ಲ ಸೋನಾ!"

"ಗೇರಿನ ಸಪ್ಪಳ ಕೇಳಿ ಕಾಲ ತಾವs ಇಳದೂವ್ರಿ! ನಾ ಏನ್ ಮಾಡ್ಲಿ?"

ಈ ಸಲ ಎರಡೂ ಕೈಯಿಂದ ಅವನ ಹೆಗಲು ಬಿಗಿಹಿಡಿದು ಕುಳಿತಳು. ಗೇರು ಇಳಿದಾಗ ಕಾಲು ಮಿಡುಕಿದವು, ಅವಳು ಮಿಸುಕಲಿಲ್ಲ. ಗಾಳಿಗೆ ಸೆರಗು ಹಾರಿತು. ನೆತ್ತಿ ಮುಟ್ಟಿದಾಗ ಸಣ್ಣ ಹುಡುಗಿಯ ಹಾಗೆ ಕೂಗಿಬಿಟ್ಟಳು: "ಯಪ್ಪಾ! ಕುಂತs ಹತ್ತೀನಿ!" ಹಣಮಂತನ ಕಣ್ಣು ತುಂಬಿದವು. ಇಷ್ಟು ವರ್ಷ ಇದನ್ನು ಯಾಕೆ ಮಾಡಲಿಲ್ಲ ಎಂದು ತನ್ನನ್ನೇ ಬೈದುಕೊಂಡ.

"ಮತ್ತ ಕೆಳಗ ಹೋಗೂಣ್ರಿ," ಎಂದಳು ಸೋನಾಬಾಯಿ. "ಇನ್ನೊಮ್ಮೆ ಹತ್ತೂಣು."

ಹೋದರು, ಹತ್ತಿದರು. ಯಲ್ಲಾಲಿಂಗನ ಆಡುಗಳಿಗೂ ಬೇಸರ ಬರುವಷ್ಟು ಸಲ ಹತ್ತಿದರು.

ಕಳ್ಳಕವಟಗಿ ಮುಟ್ಟುವಾಗ ಊಟದ ಹೊತ್ತು ಮೀರಿ, ರೊಟ್ಟಿ ಆರಿ ಹೋಗಿತ್ತು. "ಯಾಕಷ್ಟು ತಡಾ?" ಎಂದು ಅತ್ತೆ ಬಾಗಿಲಲ್ಲೇ ಗದರಿದರು.

"ಏರಿನಾಗ ಗಾಡಿ ಕೈ ಕೊಡ್ತಬೇ ಯವ್ವಾ," ಎಂದಳು ಸೋನಾಬಾಯಿ, ಮುಖ ಗಂಭೀರ ಮಾಡಿಕೊಂಡು.

ಹಣಮಂತ ಇನ್ನೂ ಬಿಸಿಯಾಗಿದ್ದ ಎಂಜಿನ್ನಿನ ಕಡೆ ಒಮ್ಮೆ ನೋಡಿದ. "ಹೌದ್ರಿ ಅತ್ತಿ," ಎಂದ. "ಭಾಳ ಹಳೇದಾಗೇತಿ."