ಕಾವಲಿಯ ಮೇಲೆ ಎರಡು ಹನಿ ಆಯಿಲ್

ಬೆಟ್ಟದ ಮೇಲಿನ ನಮ್ಮ ಅಗ್ವಾದಾಸ್ ಊರಿನಲ್ಲಿ ದೋನ್ಯಾ ಲಿಹಿಯಾ ಎದುರಾದರೆ ಕಾಫಿ ಬೆಳೆಗಾರರು ಟೋಪಿ ತೆಗೆಯುತ್ತಿದ್ದರು. ಗೌರವಕ್ಕೆ ಎಂದು ಆಕೆ ತಿಳಿದಿದ್ದರು. ನನ್ನನ್ನು ಕೇಳಿದರೆ, ಭಯಕ್ಕೆ. ಮೂವತ್ತೊಂದು ವರ್ಷ ಕಾಫಿ ಕೊಳ್ಳುವ ಸಂಘದಲ್ಲಿ ಆಕೆಯ ಕೆಲಸ ಒಂದೇ. ಮೂಟೆಯೊಳಗೆ ಮೊಣಕೈತನಕ ಕೈ ಇಳಿಸಿ, ತಳದಿಂದ ಒಂದು ಬೀಜ ತೆಗೆದು, ಹಲ್ಲಿನಲ್ಲಿ ಕಚ್ಚಿ, "ಒಣಗಿದೆ" ಅಥವಾ "ನೀರು" ಅನ್ನುವುದು. ತೂಕ ಬರಲಿ ಎಂದು ನೀರು ಚಿಮುಕಿಸಿ ತರುವವರು ನಮ್ಮಲ್ಲಿ ಇರಲಿಲ್ಲ ಎಂದು ನಾನೂ ಹೇಳಲಾರೆ. ತೇವ ಅಳೆಯುವ ಯಂತ್ರ ಬಂದ ಮೇಲೂ ಸಂಘದವರು ಮೊದಲು ಯಂತ್ರ ನೋಡಿ, ಆಮೇಲೆ ಆಕೆಯ ಮುಖ ನೋಡುತ್ತಿದ್ದರು.

ನಾನು ಒರಾಸಿಯೊ, ಚರ್ಚಿನ ಎದುರಿನ ಬೇಕರಿಯವನು. ನನ್ನ ಬ್ರೆಡ್ಡನ್ನು ಒತ್ತಿ, ಮೂಸಿ, "ನಿನ್ನೇದಲ್ಲ ತಾನೇ?" ಎಂದು ಕೇಳದೆ ಆಕೆ ಒಂದು ದಿನವೂ ಕೊಂಡವರಲ್ಲ. ಒಂದೆರಡು ಸಲ ನಿನ್ನೆಯದೇ ಆಗಿತ್ತು, ಆ ಮಾತು ಬೇರೆ.

ಗಂಡ ಎರ್ನಾಂದೊ ತೀರಿಹೋದಾಗ ಒಂದು ಬಿಳಿ ರೆನೋ ಕಾರು ಬಿಟ್ಟುಹೋದ. ಅವನು ಅದರಲ್ಲಿ ಬೆಟ್ಟವೆಲ್ಲ ಸುತ್ತುತ್ತಿದ್ದ. ದೋನ್ಯಾ ಲಿಹಿಯಾ ಅದನ್ನು ತೆಗೆಯುತ್ತಿದ್ದುದು ಭಾನುವಾರ ಮಾತ್ರ. ಮಂಡಿ ನೋವು, ಬೀದಿಯೋ ಏಣಿಯ ಹಾಗೆ ಕಡಿದು. ಹೀಗಾಗಿ ಚರ್ಚಿನ ಪೂಜೆಗೆಂದು ಮೂರು ಬೀದಿ ಕೆಳಗೆ, ಮುಗಿದ ಮೇಲೆ ಮೂರು ಬೀದಿ ಮೇಲಕ್ಕೆ. ಉಳಿದ ಆರು ದಿನ ಕಾರು ಶೆಡ್ಡಿನಲ್ಲಿ, ಶೆಡ್ಡಿನ ಕೀಲಿ ಆಕೆಯ ಕುತ್ತಿಗೆಯಲ್ಲಿ. ಯಾರಾದರೂ ಕದ್ದು ಓಡಿಸಿದರೆ ಗೊತ್ತಾಗಲಿ ಎಂದು ಚಕ್ರದ ಸುತ್ತ ಸೀಮೆಸುಣ್ಣದ ಗೆರೆ ಬೇರೆ. ಆ ಹಳೆಯ ಡಬ್ಬವನ್ನು ಯಾರು ಕದಿಯುತ್ತಾರೋ ದೇವರೇ ಬಲ್ಲ.

ಕಾರಿನ ಯೋಗಕ್ಷೇಮ ಮೆಕ್ಯಾನಿಕ್ ಅರ್ನುಲ್ಫೊನದು. ದೋನ್ಯಾ ಲಿಹಿಯಾರ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಆಕೆಗೆ ಅವನು ಕೊಂಪಾದ್ರೆ; ಊರಿಗೆಲ್ಲ ಗೌರವದ 'ದೋನ್ಯಾ' ಆದ ಆಕೆ ಅವನೊಬ್ಬನಿಗೆ ಕೊಮಾದ್ರೆ. ನಮ್ಮ ಕಡೆ ಈ ನಂಟು ರಕ್ತದ ನಂಟಿಗಿಂತ ಒಂದು ಕೈ ಮೇಲು. ಪ್ರತಿ ಜನವರಿಯಲ್ಲಿ ಅವನು ಬಂದು ಎಂಜಿನ್ ಆಯಿಲ್ ಬದಲಿಸುತ್ತಿದ್ದ, ಪ್ರತಿ ಜನವರಿಯಲ್ಲಿ ಆಕೆ ಜಗಳ ತೆಗೆಯುತ್ತಿದ್ದರು. ಆ ವರ್ಷ ಬ್ರೆಡ್ಡು ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

"ಅಲ್ಲ ಕೊಂಪಾದ್ರೆ, ಈ ಕಾರು ವರ್ಷಕ್ಕೆ ಐವತ್ತು ಕಿಲೋಮೀಟರೂ ಓಡಲ್ಲ. ಡಬ್ಬಿ ಮೇಲೆ ಐದು ಸಾವಿರಕ್ಕೊಂದ್ಸಲ ಅಂತ ಬರೆದಿದೆ. ಆ ಲೆಕ್ಕಕ್ಕೆ ನಾನು ನೂರು ವರ್ಷಕ್ಕೊಂದ್ಸಲ ಬದಲಿಸಿದ್ರೆ ಸಾಕು!"

"ಓಡೋ ಕಾರಿಗೆ ಕಿಲೋಮೀಟರ್ ಲೆಕ್ಕ ಕೊಮಾದ್ರೆ, ನಿಂತಿರೋ ಕಾರಿಗೆ ತಿಂಗಳ ಲೆಕ್ಕ. ಓಡಲಿ ಬಿಡಲಿ, ವರ್ಷಕ್ಕೊಂದ್ಸಲ. ನಿಮ್ಮದಕ್ಕಂತೂ ಆರು ತಿಂಗಳಿಗೇ ಬೇಕು. ಬೈತೀರಿ ಅಂತ ಸುಮ್ನಿದೀನಿ."

"ನಿಂತಲ್ಲೇ ನಿಂತಿರೋ ಆಯಿಲ್ ಹೇಗೆ ಕೆಡುತ್ತೆ? ಇಲಿ ಬಂದು ಕುಡಿಯುತ್ತಾ?"

ಅವನು ನಕ್ಕು ಕಾರಿನ ಕೆಳಗೆ ಮಲಗಿದ. ಆಕೆ ನನ್ನ ಕಿವಿಯ ಹತ್ತಿರ ಬಂದು, "ಎರ್ನಾಂದೊ ಇದ್ದಾಗ ಈ ವರ್ಷದ ಲೆಕ್ಕ ಇವನ ಬಾಯಲ್ಲಿ ಒಂದಿನಾನೂ ಬಂದಿರಲಿಲ್ಲ ಕಣೋ. ಗಂಡ ಹೋದ ಹೆಂಗಸು, ಏನು ಹೇಳಿದ್ರೂ ನಡೆಯುತ್ತೆ ಅಂತ," ಎಂದು ಪಿಸುಗುಟ್ಟಿದರು. ಎರ್ನಾಂದೊ ಓಡಿಸುತ್ತಿದ್ದ ದೂರಕ್ಕೆ ವರ್ಷದ ಲೆಕ್ಕ ಬೇಕೇ ಇರಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ. ನಾನೂ ಹೂಂಗುಟ್ಟಿದೆ.

ಮಾರ್ಚ್ ತಿಂಗಳ ಒಂದು ಭಾನುವಾರ, ಪೂಜೆ ಮುಗಿದು ಬೇಕರಿ ತುಂಬಿದ್ದಾಗ ದೋನ್ಯಾ ಲಿಹಿಯಾ ಒಂದು ಚಮಚ ಹಿಡಿದು ಒಳಗೆ ಬಂದರು. ಚಮಚದಲ್ಲಿ ಮೊಸರು ಕಡೆದಂಥ ಹಳದಿ ಬಿಳುಪಿನ ಏನೋ ಇತ್ತು. ಕಾರಿನ ಆಯಿಲ್ ಮುಚ್ಚಳ ತೆಗೆದರೆ ಅದರ ಅಡಿಯಲ್ಲೆಲ್ಲ ಮೆತ್ತಿಕೊಂಡಿತ್ತಂತೆ.

"ಒರಾಸಿಯೊ, ಆ ಕಾವಲಿ ಖಾಲಿ ಮಾಡು."

"ಅಯ್ಯೋ, ಅರೇಪಾ ಸುಡೋ ಕಾವಲಿ ದೋನ್ಯಾ!"

"ತೊಳೆದು ಕೊಡ್ತೀನಿ, ಸಾಯಬೇಡ."

ಅದರ ಮೇಲಿದ್ದ ನಾಲ್ಕು ಮೆಕ್ಕೆಜೋಳದ ರೊಟ್ಟಿ ಪಕ್ಕಕ್ಕಿಟ್ಟೆ. ಆಕೆ ಕಾದ ಕಾವಲಿಯ ಮೇಲೆ ಚಮಚ ಒರೆಸಿದರು. ಅದು ಚಟಪಟ ಸಿಡಿದು ನನ್ನ ಕೈಗೂ ಹಾರಿತು. ಕಪ್ಪು ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

"ನೀರು," ಎಂದರು ದೋನ್ಯಾ ಲಿಹಿಯಾ. ಸಂಘದಲ್ಲಿ ಹೇಳುತ್ತಿದ್ದ ಅದೇ ಧ್ವನಿ.

ಬಾಡಿಗೆ ಜೀಪಿನ ಎಡಿಲ್ಸನ್ ಕುತ್ತಿಗೆ ಚಾಚಿದ. "ಯಾರ್ ಹಾಕಿದ್ದು ದೋನ್ಯಾ?"

"ನಾನು ಯಾರ ಹೆಸರೂ ಹೇಳಲ್ಲಪ್ಪ. ಜನವರೀಲಿ ಹೊಸ ಆಯಿಲ್ ಹಾಕ್ಸಿದೀನಿ. ಕೀಲಿ ನನ್ನ ಹತ್ರಾನೇ ಇದೆ. ನೀರು ತಾನಾಗಿ ನಡ್ಕೊಂಡು ಒಳಗೆ ಹೋಗಲ್ಲ."

ಹೆಸರು ಹೇಳದೆ ಮನುಷ್ಯನನ್ನು ಮುಗಿಸುವುದು ಅಂದರೆ ಇದೇ. ಅರ್ನುಲ್ಫೊ ಆಯಿಲಿಗೆ ನೀರು ಬೆರೆಸಿ ಮಾರುತ್ತಾನಂತೆ ಎಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಊರೆಲ್ಲ ಆಗಿತ್ತು. ನಾನೇ ಎಂಟು ಜನಕ್ಕೆ ಹೇಳಿದೆ, ಸುಳ್ಳಾಡುವುದಿಲ್ಲ. ಮರುವಾರ ನನ್ನ ಬ್ರೆಡ್ಡಿನ ವ್ಯಾನನ್ನೂ ಬೇರೆ ಗ್ಯಾರೇಜಿಗೆ ಬಿಟ್ಟೆ. ಜೀಪಿನವರು ಹೋದರು, ಹಾಲಿನ ಲಾರಿಯವರು ಹೋದರು. ಬೇರೆ ಯಾರಾದರೂ ಹೇಳಿದ್ದರೆ ಎರಡು ಮಾತು ಕೇಳುತ್ತಿದ್ದೆವೇನೋ. ನೀರಿನ ವಿಷಯ, ಹೇಳಿದ್ದು ದೋನ್ಯಾ ಲಿಹಿಯಾ.

ಮೂರು ವಾರ ಕಳೆದ ಮೇಲೆ ಅರ್ನುಲ್ಫೊ ಬೇಕರಿಗೆ ಬಂದ. ಆಕೆ ಅಲ್ಲೇ ಇದ್ದರು. ಅವನ ಉಗುರುಗಳು ಸ್ವಚ್ಛವಾಗಿದ್ದವು. ಗ್ರೀಸಿನ ಕಪ್ಪು ಒಂದಿಷ್ಟೂ ಇರಲಿಲ್ಲ, ಕೆಲಸವೇ ಇಲ್ಲದವನ ಕೈ.

"ಕೊಮಾದ್ರೆ, ನಾನು ಕಾರು ಮುಟ್ಟಲ್ಲ. ಮುಚ್ಚಳ ಒರೆಸಬೇಡಿ, ಹಾಗೇ ಇರಲಿ. ಬಾನೆಟ್ಟಿಗೆ ನೀವೇ ಸೀಲ್ ಹಾಕಿ. ಕೆಳಗೆ ಹೊಳೆ ದಡದ ಲಾ ಪಿಂತಾದಾವರೆಗೂ ಇಳಿದು, ಹತ್ತಿ ಬನ್ನಿ. ಆಮೇಲೆ ಇದೇ ಕಾವಲಿ ಮೇಲೆ ಹಾಕಿ ನೋಡಿ."

ಆಕೆ ಮನೆಗೆ ಹೋಗಿ, ಮೂಟೆಗೆ ಹಾಕುವ ಸೀಸದ ಸೀಲು ತಂದು ಬಾನೆಟ್ಟಿಗೆ ಬಿಗಿದರು. ಘಾಟಿ ಇಳಿಸುವ ಧೈರ್ಯ ಆಕೆಗಿರಲಿಲ್ಲ; ಓಡಿಸಿದ್ದು ನಾನು. ದಾರಿಯುದ್ದಕ್ಕೂ ರಸ್ತೆ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಅವನು ನಿನಗೇನಾದ್ರೂ ಹೇಳ್ಕೊಟ್ಟಿದಾನೇನೋ?"

"ಕ್ಲಚ್ ಒತ್ತು ಅಂತ ಹೇಳ್ಕೊಟ್ಟಿದಾನೆ."

"ತಮಾಷೆ ಮಾಡೋರನ್ನ ನಾನು ನಂಬಲ್ಲ."

ಕೆಳಗೆ ಹೊಳೆಯ ದಡದಲ್ಲಿ ಸೆಖೆ. ಒಂದು ಲೋಟ ಹಣ್ಣಿನ ರಸ ಕುಡಿದು ತಿರುಗಿದೆವು. ಮಂಜಿನೊಳಕ್ಕೆ ಮತ್ತೆ ಹತ್ತುವಾಗ ಎಂಜಿನ್ ಚೆನ್ನಾಗಿ ಕಾದು ಕಾಲಿಗೆ ಬಿಸಿ ಹೊಡೆಯುತ್ತಿತ್ತು. ಬೇಕರಿಯ ಮುಂದೆ ಆಕೆಯೇ ಸೀಲು ಮುರಿದು ಮುಚ್ಚಳ ತೆಗೆದರು. ಕೆನೆ ಕರಗಿಹೋಗಿತ್ತು, ಅಂಚಿನಲ್ಲಿ ಒಂದು ತೆಳು ಗೆರೆ ಮಾತ್ರ. ಆಯಿಲ್ ಅಳೆಯುವ ಕಡ್ಡಿ ಎಳೆದು ಕಾವಲಿಯ ಮೇಲೆ ಒಂದು ಹನಿ ಬಿಟ್ಟರು. ಅದು ಹರಡಿ, ಹೊಗೆಯಾಡಿ, ಸುಮ್ಮನಾಯಿತು. ಇನ್ನೊಂದು ಹನಿ ಬಿಟ್ಟರು. ಅದೂ ಸುಮ್ಮನೆ.

"ಮೂರು ಬೀದಿ ಇಳಿಯೋಷ್ಟರಲ್ಲಿ ಎಂಜಿನ್ ಬೆಚ್ಚಗೂ ಆಗಲ್ಲ ಕೊಮಾದ್ರೆ," ಎಂದ ಅರ್ನುಲ್ಫೊ. "ಅನ್ನದ ಪಾತ್ರೆ ಮುಚ್ಚಳದ ಥರ ಒಳಗೇ ಬೆವರುತ್ತೆ. ಆ ಬೆವರು ಆಯಿಲಿಗೆ ಸೇರುತ್ತೆ. ಒಂದು ಗಂಟೆ ಓಡಿಸಿದ್ರೆ ಹಬೆಯಾಗಿ ಹೋಗುತ್ತೆ, ಓಡಿಸದಿದ್ರೆ ಕೂತು ಆಯಿಲನ್ನೇ ಕೆಡಿಸುತ್ತೆ. ಅದಕ್ಕೇ ನಿಂತ ಕಾರಿಗೆ ಬೇಗ ಬದಲಿಸಿ ಅಂತ ಬಡ್ಕೊಂಡಿದ್ದು."

ದೋನ್ಯಾ ಲಿಹಿಯಾ ಕಾವಲಿಯನ್ನು ತೊಳೆದು ಕೊಟ್ಟು ಹೋದರು.

ಆಕೆಯ ದೊಡ್ಡತನ ನಾನು ಮುಚ್ಚಿಡುವುದಿಲ್ಲ. ಮುಂದಿನ ಭಾನುವಾರ ಅದೇ ಜನ, ಅದೇ ಹೊತ್ತು ನೋಡಿಕೊಂಡು ಬಂದು ನಿಂತು, "ತಪ್ಪು ನನ್ನದು. ಅರ್ನುಲ್ಫೊ ನೀರು ಹಾಕಿಲ್ಲ. ಅದು ತಾನಾಗೇ ಆಗಿದ್ದು," ಎಂದು ಗಟ್ಟಿಯಾಗಿ ಹೇಳಿದರು.

ಎಡಿಲ್ಸನ್ ಮೀಸೆಯಡಿಯಲ್ಲಿ ನಕ್ಕ. "ಎಷ್ಟು ಡಬ್ಬಿ ಆಯಿಲ್ ಪುಕ್ಕಟೆ ಕೊಟ್ರು ದೋನ್ಯಾ, ನಿಮ್ಮ ಕೊಂಪಾದ್ರೆ?"

ಜನ ಗೊಳ್ಳೆಂದರು. ಮೂಲೆಯಲ್ಲಿದ್ದ ಮುದುಕ ದೋನ್ ಎವೆಲಿಯೊ ಮಾತ್ರ ನಗಲಿಲ್ಲ. ಟೋಪಿಯನ್ನೂ ತೆಗೆಯಲಿಲ್ಲ. "ನೀರು ತಾನಾಗೇ ಬರುತ್ತಾ ದೋನ್ಯಾ? ಎಂಬತ್ತೊಂಬತ್ತನೇ ಇಸವೀಲಿ ಬಿಸಿಲ ಕಣಿವೆಯಿಂದ ಈ ಮಂಜಿಗೆ ಪ್ಲಾಸ್ಟಿಕ್ ಹೊದಿಸಿ ನಾಲ್ಕು ಮೂಟೆ ಕಾಫಿ ಹೇರ್ಕೊಂಡು ಬಂದಿದ್ದೆ, ಒಳಗೇ ಬೆವರಿತ್ತು. ಎಲ್ಲರ ಮುಂದೆ ಕಳ್ಳ ಅಂದ್ರಿ. ಆವತ್ತು ನಾನೂ ಇದನ್ನೇ ಹೇಳಿದ್ದೆ."

ದೋನ್ಯಾ ಲಿಹಿಯಾ ಅಂದು ಬ್ರೆಡ್ಡನ್ನು ಒತ್ತದೆ, ಮೂಸದೆ ಕೊಂಡು ಹೊರಟರು.

ಹೋದ ಗಿರಾಕಿಗಳಲ್ಲಿ ತಿರುಗಿ ಬಂದವರು ಬೆರಳೆಣಿಕೆಯಷ್ಟು. ನಾನು ವ್ಯಾನು ವಾಪಸ್ ಒಯ್ದಾಗ ಅರ್ನುಲ್ಫೊ ಬೇಡವೆನ್ನಲಿಲ್ಲ, ಮಾತೂ ಆಡಲಿಲ್ಲ. ಜೂನ್‌ನಲ್ಲಿ ಅವನು ಗ್ಯಾರೇಜಿನ ಬಾಗಿಲು ಹಾಕಿದ. ಅರವತ್ತೆರಡನೆಯ ವಯಸ್ಸಿನಲ್ಲಿ ಲಾ ಪಿಂತಾದಾದ ಯಾರದೋ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ.

ಈಗ ಆರು ತಿಂಗಳಿಗೊಮ್ಮೆ, ಯಾರೂ ನೆನಪಿಸದೆ, ದೋನ್ಯಾ ಲಿಹಿಯಾ ಆಯಿಲ್ ಬದಲಿಸಲು ಅಷ್ಟು ದೂರ ಇಳಿಯುತ್ತಾರೆ. ಓಡಿಸುವವನು ನಾನೇ. ಮೊದಲ ಸಲ ಹೋದಾಗ ಅರ್ನುಲ್ಫೊ ಕೈ ಒರೆಸಿಕೊಂಡು ಬಂದ. ಹೊಸ ಡಬ್ಬಿ ತಂದು, ಒಡೆಯದೆ, ಆಕೆಯ ಮುಖದ ಮುಂದೆ ಹಿಡಿದ.

"ಬೇಡ ಕೊಂಪಾದ್ರೆ," ಎಂದರು ಆಕೆ, "ನೋಡೋದೇನಿದೆ, ಹಾಕಿ."

ಅವನು ಕೈ ಇಳಿಸಲಿಲ್ಲ. "ಸರಿಯಾಗಿ ನೋಡ್ಕೊಂಡುಬಿಡಿ, ದೋನ್ಯಾ ಲಿಹಿಯಾ."

ಆಕೆ ನೋಡುವವರೆಗೂ ಅವನು ಡಬ್ಬಿ ತೆರೆಯಲಿಲ್ಲ.